ಐದು ದಿನದ ಭ್ರೂಣ: ಆಕರಕೋಶ ಸಂಶೋಧನೆಯ ಧರ್ಮಸೂಕ್ಷ್ಮ

ಸಂತಾನವನ್ನು ಬಯಸಿ ಗದ್ದುಗೆಗೆ ಹರಕೆ ಹೊತ್ತ ದಂಪತಿಗಳು ವೈದ್ಯರ ಸಲಹೆಯಂತೆ ಪ್ರನಾಳ ಶಿಶು ಚಿಕಿತ್ಸೆಗೂ ಒಳಗಾಗುವುದು ಈಗ ಅಪರೂಪವಲ್ಲ. ಈ ಚಿಕಿತ್ಸೆಯಲ್ಲಿ ತಾಯಿಯಿಂದ ಪಡೆದ ಹಲವು ಅಂಡಾಣುಗಳನ್ನು ತಂದೆಯ ವೀರ್ಯಾಣುಗಳೊಡನೆ ಪ್ರಯೋಗಶಾಲೆಯಲ್ಲಿ ಕೂಡಿಸುವರು. ಉಂಟಾದ ಭ್ರೂಣಗಳಲ್ಲಿ ಒಂದೆರಡನ್ನು ಗರ್ಭಾಶಯದಲ್ಲಿರಿಸಿ, ಉಳಿದವನ್ನು ಅತಿಶೀತದಲ್ಲಿ ಕಾಯ್ದಿಡುವರು. ಮಗು ಹುಟ್ಟಿ, ತೊಟ್ಟಿಲು ತೂಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಕಾಯ್ದಿಟ್ಟ ಭ್ರೂಣಗಳ ಗತಿಯೇನು? 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಂತೆ ಅವನ್ನು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಆ ಬಳಿಕ ಅವು ತಾವಾಗಿ ನಾಶವಾಗಲು ಬಿಡಬೇಕು, ಇಲ್ಲವೇ ದಂಪತಿಗಳ ಒಪ್ಪಿಗೆಯಿಂದ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಕೈ ಇಲ್ಲಿ ಸಹಜವಾಗಿ ತಡೆಯುತ್ತದೆ. ಇದು ಜೀವಹತ್ಯೆಯೇ? ಅಥವಾ ನೇತ್ರದಾನ, ದೇಹದಾನಗಳಂತೆ ಇದೂ ಒಂದು ದಾನವೇ? ಈ ವಿಷಯವನ್ನು ಸಮಾಧಾನದಿಂದ ಪರಿಶೀಲಿಸೋಣ.

ಆಕರಕೋಶವೆಂದರೇನು?

ನಮ್ಮ ಶರೀರದ ಬಹುಪಾಲು ಜೀವಕೋಶಗಳು ತಮಗೆ ನಿಯತವಾದ ಕೆಲಸವನ್ನಷ್ಟೇ ಮಾಡುತ್ತವೆ. ಹೃದಯದ ಕೋಶ ಮಿಡಿಯುತ್ತದೆ, ನರಕೋಶ ಸಂದೇಶ ಒಯ್ಯುತ್ತದೆ. ಆದರೆ ಕೆಲವು ಕೋಶಗಳು ತಮ್ಮಂತಹ ಕೋಶಗಳನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲವು. ಇವೇ ಆಕರಕೋಶಗಳು; ಕಾಂಡಕೋಶಗಳೆಂಬ ಹೆಸರೂ ಉಂಟು. ವಯಸ್ಕರ ಅಸ್ಥಿಮಜ್ಜೆಯಲ್ಲಿರುವ ಆಕರಕೋಶ ರಕ್ತದ ಕೋಶಗಳನ್ನು ತಯಾರಿಸುತ್ತದೆ. ರಕ್ತದ ಕ್ಯಾನ್ಸರಿಗೆ ಮಾಡುವ ಅಸ್ಥಿಮಜ್ಜೆಯ ಕಸಿ ಈ ಗುಣವನ್ನೇ ಅವಲಂಬಿಸಿದೆ. ಇದರಲ್ಲಿ ಧರ್ಮಸಂಕಟವಿಲ್ಲ, ಕೊಟ್ಟವರೂ ಬದುಕುತ್ತಾರೆ, ಪಡೆದವರೂ ಬದುಕುತ್ತಾರೆ.

ಭ್ರೂಣದ ಆಕರಕೋಶದ ಸಂಗತಿ ಬೇರೆ. ಅಂಡಾಣು ಫಲಿತವಾದ ಐದಾರು ದಿನಗಳಲ್ಲಿ ಭ್ರೂಣವು ನೂರಿನ್ನೂರು ಕೋಶಗಳ ಟೊಳ್ಳು ಗೋಲಿಯಂತಿರುತ್ತದೆ. ಬರಿಗಣ್ಣಿಗೆ ಅದು ಕಾಣುವುದೇ ಕಷ್ಟ. ಅದರ ಒಳಗಿನ ಕೋಶಗುಚ್ಛಕ್ಕೆ ಶರೀರದ ಯಾವುದೇ ಕೋಶವಾಗುವ ಶಕ್ತಿಯಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ 1998ರಲ್ಲಿ ಮಾನವ ಭ್ರೂಣದಿಂದ ಈ ಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಹಾಗೆ ಬೇರ್ಪಡಿಸುವಾಗ ಆ ಭ್ರೂಣ ಉಳಿಯಲಿಲ್ಲ. ಚರ್ಚೆಯ ಮೂಲ ಇಲ್ಲಿದೆ.

ಗರ್ಭಪಾತಕ್ಕೂ ಇದಕ್ಕೂ ಇರುವ ಅಂತರ

ಈ ಕೋಶಗಳನ್ನು ಗರ್ಭಪಾತವಾದ ಶಿಶುವಿನಿಂದ ತೆಗೆಯುತ್ತಾರೆಂಬುದು ಅನೇಕರ ಗ್ರಹಿಕೆ. ಅದು ತಪ್ಪು. ಅವು ಗರ್ಭಾಶಯವನ್ನೇ ಸೇರದ, ಪ್ರಯೋಗಶಾಲೆಯಲ್ಲಿ ಉಳಿದ ಭ್ರೂಣಗಳಿಂದ ಬಂದವು. ಗರ್ಭಪಾತದ ಪ್ರಶ್ನೆಯಲ್ಲಿ ತಾಯಿಯ ಪ್ರಾಣ, ಆರೋಗ್ಯ, ಮಾನ ಎಲ್ಲವೂ ಸೇರಿವೆ. ನಮ್ಮ ದೇಶದಲ್ಲಿ ಅದಕ್ಕೆ 1971ರ ಕಾಯ್ದೆಯೇ ಬೇರೆಯಿದೆ. 2021ರ ತಿದ್ದುಪಡಿಯು ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಅವಕಾಶ ನೀಡಿದೆ. ಹೆಣ್ಣೆಂದು ತಿಳಿದು ಮಾಡಿಸುವ ಭ್ರೂಣಹತ್ಯೆಯಂತೂ ಘೋರ ಅನ್ಯಾಯ. ಲಿಂಗಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆದರೂ ಗರ್ಭಪಾತ ಮತ್ತು ವೈದ್ಯವಿಜ್ಞಾನ ಸಂಧಿಸುವ ಒಂದು ಎಡೆಯುಂಟು. 1960ರ ದಶಕದಲ್ಲಿ, ಬೇರೆ ಕಾರಣಗಳಿಗಾಗಿ ನಡೆದ ಗರ್ಭಪಾತಗಳಿಂದ ಪಡೆದ ಅಂಗಾಂಶದಿಂದ ಕೆಲವು ಕೋಶಸಂತತಿಗಳನ್ನು ಬೆಳೆಸಲಾಯಿತು. ಇವು ಆಕರಕೋಶಗಳಲ್ಲ, ಆದರೆ ರುಬೆಲ್ಲಾ ಲಸಿಕೆಯ ವೈರಾಣುವನ್ನು ಇಂದಿಗೂ ಇಂತಹ ಕೋಶಗಳಲ್ಲಿ ಬೆಳೆಸುವರು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಹುಟ್ಟುವ ಕೂಸಿಗೆ ಕಿವುಡು, ಕಣ್ಣಿನ ಪೊರೆ, ಹೃದಯದೋಷ ಬರಬಹುದು. 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗರ್ಭಪಾತವನ್ನು ಕಟುವಾಗಿ ವಿರೋಧಿಸುವ ಕ್ಯಾಥೊಲಿಕ್ ಧರ್ಮಪೀಠವೂ ಬೇರೆ ಲಸಿಕೆ ಇಲ್ಲದಿರುವಾಗ ಇದನ್ನು ಬಳಸಬಹುದೆಂದಿದೆ. ಆದ್ದರಿಂದ ಮಕ್ಕಳಿಗೆ ಈ ಲಸಿಕೆ ಹಾಕಿಸಲು ಯಾರೂ ಹಿಂಜರಿಯಬೇಕಾಗಿಲ್ಲ.

ಎರಡು ಪಕ್ಷಗಳು

ಭ್ರೂಣವನ್ನು ಬಳಸಬಾರದೆನ್ನುವವರ ವಾದ ಹೀಗಿದೆ: ನಾವೆಲ್ಲರೂ ಒಮ್ಮೆ ಅಷ್ಟೇ ಚಿಕ್ಕವರಾಗಿದ್ದೆವು. ಫಲಿತವಾದ ಗಳಿಗೆಯನ್ನು ಬಿಟ್ಟು ಬೇರೆಲ್ಲಿ ಗೆರೆ ಎಳೆದರೂ ಅದು ನಮ್ಮ ಅನುಕೂಲಕ್ಕೆ ಎಳೆದ ಗೆರೆಯೇ. ಬಾಯಿಲ್ಲದ ಜೀವವನ್ನು ಇನ್ನೊಬ್ಬರ ಔಷಧಕ್ಕೆ ಸಾಧನವಾಗಿಸುವುದು ಸಲ್ಲದು. ಹೇಗೂ ನಾಶವಾಗುವುದೆಂಬ ನೆಪವೂ ನಿಲ್ಲದು. ಸಾಯುತ್ತಿರುವ ರೋಗಿಯನ್ನು ಹೇಗೂ ಸಾಯುವನೆಂದು ಕೊಲ್ಲುವುದುಂಟೇ?

ಬಳಸಬಹುದೆನ್ನುವವರ ಉತ್ತರ ಹೀಗಿದೆ: ಐದು ದಿನದ ಭ್ರೂಣಕ್ಕೆ ನರವಿಲ್ಲ, ನೋವಿಲ್ಲ, ಅರಿವಿಲ್ಲ. ಸುಮಾರು 14 ದಿನಗಳವರೆಗೆ ಅದು ಒಡೆದು ಅವಳಿಗಳಾಗಬಹುದು. ಹಾಗಿರುವಾಗ ಅದನ್ನು ಒಬ್ಬ ವ್ಯಕ್ತಿಯೆನ್ನುವುದು ಹೇಗೆ? ತಾಯಿಯ ಒಡಲಲ್ಲಿಯೂ ಬಹಳಷ್ಟು ಭ್ರೂಣಗಳು ನೆಲೆಗೊಳ್ಳದೆ ಕಳೆದುಹೋಗುತ್ತವೆ. ಇತ್ತ ನರಳುವ ರೋಗಿ ಕಣ್ಣೆದುರಿಗಿದ್ದಾನೆ. ಅವನ ಆಶೆ ಬರಿಯ ಕನಸೂ ಅಲ್ಲ. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆಕರಕೋಶದಿಂದ ಬೆಳೆಸಿದ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿ ಮಧುಮೇಹಿಗಳಲ್ಲಿ 10 ಮಂದಿಗೆ ವರ್ಷದ ಬಳಿಕ ಇನ್ಸುಲಿನ್ ಬೇಕಾಗಲಿಲ್ಲ. ಪ್ರಯೋಗ ಚಿಕ್ಕದು, ದೇಹದ ಪ್ರತಿರೋಧವನ್ನು ತಗ್ಗಿಸುವ ಔಷಧಗಳನ್ನೂ ಅವರು ಸೇವಿಸಬೇಕಾಯಿತು.

ಇಂಗ್ಲೆಂಡಿನ ವಾರ್ನಾಕ್ ಸಮಿತಿ 1984ರಲ್ಲಿ ಮಧ್ಯದ ದಾರಿಯೊಂದನ್ನು ತೋರಿಸಿತು: 14 ದಿನಗಳಾಚೆಗೆ ಭ್ರೂಣವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಕೂಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಇದೇ ಮಿತಿಯನ್ನು ಪಾಲಿಸುತ್ತದೆ.

ಪರಂಪರೆಯ ಬೆಳಕಿನಲ್ಲಿ

ಶುಕ್ರ, ಶೋಣಿತ, ಜೀವ ಈ ಮೂರೂ ಒಡಲಿನಲ್ಲಿ ಸೇರಿದಾಗ ಅದಕ್ಕೆ ಗರ್ಭವೆಂಬ ಹೆಸರೆಂದು ಚರಕಸಂಹಿತೆ ಹೇಳುತ್ತದೆ. ಒಡಲ ಹೊರಗೆ ಗಾಜಿನ ಬಟ್ಟಲಿನಲ್ಲಿ ಭ್ರೂಣವುಂಟಾಗುವ ಕಾಲವನ್ನು ಆ ಆಚಾರ್ಯರು ಕಂಡಿರಲಿಲ್ಲ. ನಮ್ಮ ಸಂಪ್ರದಾಯದಲ್ಲಿ ಗರ್ಭಿಣಿಗೆ ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿನ ಸಲುವಾಗಿ ಲಿಂಗಧಾರಣೆ ಮಾಡುವ ಪದ್ಧತಿಯುಂಟು. ಹುಟ್ಟುವ ಮೊದಲೇ ಜೀವವನ್ನು ಗೌರವಿಸುವ ಭಾವ ಅದರಲ್ಲಿದೆ. ಆದರೆ ಐದನೆಯ ದಿನದ ಪ್ರಶ್ನೆಗೆ ಇವೆರಡರಿಂದಲೂ ನೇರ ಉತ್ತರ ದೊರೆಯದು. ದಯೆಯೆಂಬ ಅಳತೆಗೋಲು ಮಾತ್ರ ನಮ್ಮ ಕೈಯಲ್ಲಿದೆ. ಆ ದಯೆ ಭ್ರೂಣಕ್ಕೂ ಸಲ್ಲಬೇಕು, ರೋಗಿಗೂ ಸಲ್ಲಬೇಕು, ಅಂಡಾಣು ಕೊಡುವ ಹೆಣ್ಣಿಗೂ ಸಲ್ಲಬೇಕು.

ಈ ಮೂರನೆಯವಳನ್ನು ಜನ ಬೇಗ ಮರೆಯುತ್ತಾರೆ. ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ತದ್ರೂಪಿ ಭ್ರೂಣದಿಂದ ಆಕರಕೋಶ ಪಡೆದೆನೆಂದು ಸಾರಿದರು. ಅದು ಸುಳ್ಳೆಂದು ಬಯಲಾಗಿ, 2006ರಲ್ಲಿ ಅವರ ಪ್ರಬಂಧಗಳನ್ನು ಹಿಂಪಡೆಯಲಾಯಿತು. ತಮ್ಮ ಕೈಕೆಳಗಿನ ಸಂಶೋಧಕಿಯರ ಅಂಡಾಣುಗಳನ್ನೂ ಅವರು ಬಳಸಿದ್ದರು. ಕೀರ್ತಿಯ ಹಂಬಲ ಮೇಲಾದಲ್ಲಿ ಮೊದಲು ಬಲಿಯಾಗುವವರು ದುರ್ಬಲರೇ.

ವಿಜ್ಞಾನವೇ ತೆರೆದ ಇನ್ನೊಂದು ದಾರಿಯೂ ಇದೆ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಕೋಶಗಳಿಗೆ ನಾಲ್ಕು ವಂಶವಾಹಿಗಳನ್ನು ಸೇರಿಸಿ, ಅವನ್ನು ಭ್ರೂಣದ ಆಕರಕೋಶಗಳಂತೆ ಮಾರ್ಪಡಿಸಿದರು. 2012ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಇಲ್ಲಿ ಭ್ರೂಣದ ನಾಶವಿಲ್ಲ. ಈ ದಾರಿ ಬಲಗೊಂಡಷ್ಟೂ ಧರ್ಮಸಂಕಟ ಹಗುರವಾಗುತ್ತದೆ.

ನಮ್ಮ ಕರ್ತವ್ಯ

ಪ್ರನಾಳ ಶಿಶು ಚಿಕಿತ್ಸೆಗೆ ಮೊದಲೇ ದಂಪತಿಗಳು ವೈದ್ಯರನ್ನು ಕೇಳಬೇಕು: ಎಷ್ಟು ಭ್ರೂಣಗಳನ್ನು ಮಾಡುವಿರಿ, ಉಳಿದವನ್ನು ಏನು ಮಾಡುವಿರಿ? ಬೇಕಾದಷ್ಟನ್ನೇ ಮಾಡುವಂತೆ ಕೇಳಿಕೊಂಡರೆ ಮುಂದಿನ ಸಂಕಟ ಕಡಿಮೆಯಾಗುತ್ತದೆ. ಒಪ್ಪಿಗೆ ಪತ್ರವನ್ನು ಪತಿಪತ್ನಿಯರಿಬ್ಬರೂ ಓದಿ, ತಿಳಿದು ಸಹಿ ಹಾಕಬೇಕು. ಕೊಡಲು ಮನಸ್ಸೊಪ್ಪದವರು ನಿರಾಕರಿಸಲಿ. ಅದರಿಂದ ಚಿಕಿತ್ಸೆಗೆ ಅಡ್ಡಿಯಾಗಕೂಡದು. ಒಪ್ಪಿ ಕೊಡುವವರು ಹಣ ಮುಟ್ಟದೆ ಕೊಡಲಿ. ಅವರನ್ನು ಪಾಪಿಗಳೆಂದು ಯಾರೂ ಜರೆಯದಿರಲಿ. ಆದರೆ ಸಂಶೋಧನೆಗೆಂದೇ ಭ್ರೂಣವನ್ನು ಸೃಷ್ಟಿಸುವುದೂ ಮಾರುವುದೂ ಜೀವವನ್ನು ಸರಕಾಗಿಸುತ್ತವೆಂಬುದು ಈ ಲೇಖಕನ ನಿಲುವು.

ಕೊನೆಯದಾಗಿ ಒಂದು ಎಚ್ಚರಿಕೆ. ಬುದ್ಧಿಮಾಂದ್ಯ, ಆಟಿಸಂ, ಪಾರ್ಶ್ವವಾಯು, ಮಂಡಿನೋವು ಎಲ್ಲಕ್ಕೂ ಆಕರಕೋಶ ಚಿಕಿತ್ಸೆ ಉಂಟೆಂದು ಜಾಹೀರಾತು ಕೊಟ್ಟು ಲಕ್ಷಗಟ್ಟಲೆ ಹಣ ಕೇಳುವವರಿದ್ದಾರೆ. 2017ರ ಮಾರ್ಗಸೂಚಿಯಂತೆ, ರಕ್ತಸಂಬಂಧಿ ರೋಗಗಳೇ ಮೊದಲಾದ ಕೆಲವಕ್ಕೆ ಮಾಡುವ ರಕ್ತೋತ್ಪಾದಕ ಆಕರಕೋಶಗಳ ಕಸಿಯಷ್ಟೇ ಮಾನ್ಯ ಚಿಕಿತ್ಸೆ. ಉಳಿದವು ಪ್ರಯೋಗಗಳು, ಅವು ಸಿ.ಟಿ.ಆರ್.ಐ.ಯಲ್ಲಿ ನೋಂದಣಿಯಾಗಿರಬೇಕು, ರೋಗಿಯಿಂದ ಶುಲ್ಕ ಪಡೆಯಕೂಡದು. ಹಣ ಕೇಳಿದರೆ ಹೊಲ ಮಾರುವ ಮೊದಲು ಮತ್ತೊಬ್ಬ ತಜ್ಞವೈದ್ಯರ ಅಭಿಪ್ರಾಯ ಪಡೆಯಿರಿ. ಹುಟ್ಟದ ಜೀವದ ಬಗೆಗೆ ಮರುಗುವ ನಾವು, ಹುಟ್ಟಿ ನರಳುವ ಜೀವ ಮೋಸಹೋಗದಂತೆ ಕಾಯುವುದೂ ಧರ್ಮವೇ.