ಒಂದಗುಳಿನ ನ್ಯಾಯವೂ ಲಾಟಿನ ಪರೀಕ್ಷೆಯೂ: ಸರಾಸರಿ ಮತ್ತು ಅನುಪಾತಗಳ ಕುರಿತು ಅಭ್ಯಾಸ ಪಾಠ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ನಮ್ಮ ಮನೆಮನೆಯ ಮಾತು. ಪಾತ್ರೆಯೊಳಗಿನ ಅಕ್ಕಿಯೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೇಯುವುದರಿಂದ ಅಲ್ಲಿ ಈ ನ್ಯಾಯ ಸಲ್ಲುತ್ತದೆ. ಆದರೆ ಗೋದಾಮಿಗೆ ಬಂದಿಳಿದ 20,000 ಮುಚ್ಚಳಗಳ ಲಾಟು ಹೀಗೆ ಒಂದೇ ಸಮನೆ ಬೆಂದ ಅನ್ನವಲ್ಲ. ಒಂದು ಪೆಟ್ಟಿಗೆ ಬೆಳಗಿನ ಪಾಳಿಯದು, ಮತ್ತೊಂದು ರಾತ್ರಿ ಪಾಳಿಯದು. ಒಂದು ಹೊಸ ಡೈಯಿಂದ ಬಂದುದು, ಇನ್ನೊಂದು ಸವೆದ ಡೈಯಿಂದ. ಇಂತಹ ಮಾಲನ್ನು ಕೆಲವೇ ನಗಗಳಿಂದ ಅಳೆಯಬೇಕಾದಾಗ ಎಷ್ಟನ್ನು ತೆಗೆಯಬೇಕು, ಎಷ್ಟು ದೋಷ ಕಂಡರೆ ಮಾತನಾಡಬೇಕು ಎಂಬುದಕ್ಕೆ ಸಂಖ್ಯಾಶಾಸ್ತ್ರವು ಒಂದು ಕ್ರಮವನ್ನು ಕೊಟ್ಟಿದೆ. ಅದಕ್ಕೆ ಪ್ರಾಕಲ್ಪನಾ ಪರೀಕ್ಷೆ ಎಂದು ಹೆಸರು.

ಬೆಂಗಳೂರಿನ ಪೂರ್ವಕ್ಕೆ, ಹಳೆ ಮದ್ರಾಸು ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುವ ಟಿನ್ ಫ್ಯಾಕ್ಟರಿ ಪ್ರದೇಶ ಈ ಪಾಠಕ್ಕೆ ಒಪ್ಪುವ ಸ್ಥಳ. ಹೆಸರಿನಲ್ಲೇ ಕಾರ್ಖಾನೆಯನ್ನು ಹೊತ್ತ ಈ ನಿಲ್ದಾಣದ ಸಮೀಪದಲ್ಲೇ, ದೂರವಾಣಿನಗರದಲ್ಲಿ, 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ಮಹದೇವಪುರ, ಹೂಡಿ ಕಡೆಗೆ ಕೈಗಾರಿಕಾ ಪ್ರದೇಶಗಳು ಬೆಳೆದವು. 2023ರ ಅಕ್ಟೋಬರ್‌ನಲ್ಲಿ ಬೆನ್ನಿಗಾನಹಳ್ಳಿಯ ಮೂಲಕ ಮೆಟ್ರೋ ಸಂಪರ್ಕವೂ ಪೂರ್ಣಗೊಂಡಿತು. ಇಂತಹ ಪ್ರದೇಶದ ಇಬ್ಬರು ಉದ್ಯಮಿಗಳನ್ನು ಕಲ್ಪಿಸಿಕೊಳ್ಳಬಹುದು. ಒಬ್ಬರು ಪ್ರೆಸ್ ಯಂತ್ರದಲ್ಲಿ ತಗಡಿನ ಮುಚ್ಚಳ ಒತ್ತುವವರು. ಇನ್ನೊಬ್ಬರು ಆ ಮುಚ್ಚಳಗಳನ್ನು ಕೊಂಡು, ಒಂದು ಕಿಲೋ ಡಬ್ಬಗಳಲ್ಲಿ ಪುಡಿ ತುಂಬಿ ಮಾರುವವರು. ಮುಂದಿನ ಲೆಕ್ಕಗಳೆಲ್ಲ ಇವರಿಬ್ಬರ ನಡುವಿನವು. ಅಂಕಿಗಳು ಅಭ್ಯಾಸಕ್ಕಾಗಿ ಇಟ್ಟುಕೊಂಡವು.

1. ಪರೀಕ್ಷೆಯ ಐದು ಹೆಜ್ಜೆಗಳು

(ಅ) ಶೂನ್ಯ ಪ್ರಾಕಲ್ಪನೆಯನ್ನು ಬರೆದಿಡುವುದು. "ಹೇಳಿದ್ದು ಹೇಳಿದಂತೆಯೇ ಇದೆ, ಕಂಡ ವ್ಯತ್ಯಾಸ ಆಕಸ್ಮಿಕ" ಎಂಬ ಗ್ರಹಿಕೆಯೇ ಇದು. ನ್ಯಾಯಾಲಯದಲ್ಲಿ ಆರೋಪ ಸಾಬೀತಾಗುವವರೆಗೆ ಆರೋಪಿಯನ್ನು ನಿರಪರಾಧಿಯೆಂದು ಎಣಿಸುವಂತೆಯೇ ಇಲ್ಲಿಯೂ.

(ಆ) ಪರ್ಯಾಯ ಪ್ರಾಕಲ್ಪನೆಯನ್ನು ಬರೆಯುವುದು. ಸಂದೇಹ ಒಂದೇ ದಿಕ್ಕಿನದೋ (ಕಡಿಮೆ ಇದೆ, ಅಥವಾ ಹೆಚ್ಚು ಇದೆ), ಎರಡೂ ದಿಕ್ಕಿನದೋ ಎಂಬುದನ್ನು ಇಲ್ಲಿಯೇ ನಿರ್ಧರಿಸಬೇಕು.

(ಇ) ಸಾರ್ಥಕತಾ ಮಟ್ಟವನ್ನು ಆರಿಸುವುದು. ನಿರಪರಾಧಿಯನ್ನು ದಂಡಿಸುವ ಅಪಾಯವನ್ನು ನೂರಕ್ಕೆ ಎಷ್ಟರವರೆಗೆ ಒಪ್ಪಬಹುದು ಎಂಬುದೇ ಈ ಮಟ್ಟ. ಶೇ. 5 ರೂಢಿಯಲ್ಲಿದೆ; ತಪ್ಪಿನ ಬೆಲೆ ದೊಡ್ಡದಾದಲ್ಲಿ ಶೇ. 1.

(ಈ) ಮಾದರಿಯನ್ನು ಯಾದೃಚ್ಛಿಕವಾಗಿ ತೆಗೆದು, ಕಂಡ ವ್ಯತ್ಯಾಸವನ್ನು ಮಾನಕ ದೋಷದಿಂದ ಭಾಗಿಸುವುದು. ಮಾದರಿಯಿಂದ ಮಾದರಿಗೆ ಫಲಿತಾಂಶ ಸಹಜವಾಗಿ ಎಷ್ಟು ಏರಿಳಿಯುತ್ತದೆ ಎಂಬುದರ ಅಳತೆಯೇ ಮಾನಕ ದೋಷ.

(ಉ) ಬಂದ ಭಾಗಲಬ್ಧವನ್ನು ಕೋಷ್ಟಕದ ನಿರ್ಣಾಯಕ ಮೌಲ್ಯದೊಡನೆ ಹೋಲಿಸಿ ತೀರ್ಮಾನಿಸುವುದು.

ಮೊದಲ ಮೂರು ಹೆಜ್ಜೆಗಳು ಪೆಟ್ಟಿಗೆಯ ಮುಚ್ಚಳ ತೆರೆಯುವ ಮೊದಲೇ ಮುಗಿದಿರಬೇಕು. ಇದರ ಮಹತ್ವ ಮೂರನೆಯ ವಿಭಾಗದಲ್ಲಿ ತಿಳಿಯುತ್ತದೆ.

2. ಅನುಪಾತದ ಪರೀಕ್ಷೆ: ದೋಷಯುಕ್ತ ಮುಚ್ಚಳಗಳು

ಮುಚ್ಚಳದವರ ಮಾತು: "ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ದೋಷ ಇರುವುದಿಲ್ಲ." ಲಾಟು 20,000; ದರ ಮುಚ್ಚಳಕ್ಕೆ 4 ರೂಪಾಯಿಯಂತೆ 80,000 ರೂಪಾಯಿಯ ಮಾಲು. ಕೊಂಡವರು 50 ಮುಚ್ಚಳ ತೆಗೆದು ನೋಡಿದಾಗ 3 ದೋಷಯುಕ್ತವಾಗಿದ್ದವು. ಎಂದರೆ ಶೇ. 6. "ಮಾತು ತಪ್ಪಿದರು" ಎಂದು ಲಾಟನ್ನು ವಾಪಸು ಕಳಿಸುವುದು ನ್ಯಾಯವೇ?

ದೋಷ ನಿಜವಾಗಿಯೂ ಶೇ. 4 ಇರುವ ಲಾಟಿನಿಂದ 50 ಮುಚ್ಚಳಗಳನ್ನು ಮತ್ತೆ ಮತ್ತೆ ತೆಗೆದರೆ, 3 ಅಥವಾ ಅದಕ್ಕಿಂತ ಹೆಚ್ಚು ದೋಷ ಸಿಗುವ ಸಂಭವ ದ್ವಿಪದ ವಿತರಣೆಯ ಪ್ರಕಾರ ನೂರರಲ್ಲಿ ಸುಮಾರು 32. ಪ್ರಾಮಾಣಿಕ ಲಾಟು ಕೂಡ ಮೂರರಲ್ಲಿ ಒಂದು ಸಲ ಈ "ಅಪರಾಧ"ಕ್ಕೆ ಸಿಕ್ಕಿಬೀಳುತ್ತದೆಂದಾಯಿತು. ಇಷ್ಟು ಸಾಕ್ಷ್ಯದಿಂದ ಮಾಲು ತಿರುಗಿಸಿದರೆ ಒತ್ತುವವರ ಸಾಗಣೆ ವೆಚ್ಚ, ತಡೆಹಿಡಿದ ಬಿಲ್ಲು, ವಾರದ ಕೂಲಿ ಎಲ್ಲವೂ ಆಕಸ್ಮಿಕಕ್ಕೆ ಬಲಿಯಾಗುತ್ತವೆ.

ಈಗ ಅದೇ ಲಾಟಿನಿಂದ 200 ಮುಚ್ಚಳಗಳನ್ನು ಹೊಸದಾಗಿ ತೆಗೆದು, 15 ದೋಷಯುಕ್ತ ಕಂಡವೆಂದು ಇಟ್ಟುಕೊಳ್ಳಬಹುದು.

ಮಾದರಿ ಅನುಪಾತ = 15 ÷ 200 = 0.075
ಮಾನಕ ದೋಷ = √(0.04 × 0.96 ÷ 200) = 0.0139
ಝಡ್ ಮೌಲ್ಯ = (0.075 − 0.04) ÷ 0.0139 = ಸುಮಾರು 2.5

ಒಂದೇ ದಿಕ್ಕಿನ ಪರೀಕ್ಷೆಗೆ ಶೇ. 5ರ ಮಟ್ಟದಲ್ಲಿ ನಿರ್ಣಾಯಕ ಮೌಲ್ಯ 1.645. ಬಂದದ್ದು ಅದಕ್ಕಿಂತ ಹೆಚ್ಚು. ಶೂನ್ಯ ಪ್ರಾಕಲ್ಪನೆಯನ್ನು ತಿರಸ್ಕರಿಸಬೇಕು. ಈಗ ಕೊಂಡವರು ಆಕ್ಷೇಪ ಎತ್ತಬಹುದು. ಒತ್ತುವವರೂ ಡೈಯನ್ನು ಬಿಚ್ಚಿ ನೋಡುವುದು ಒಳಿತು.

ಇಲ್ಲಿ ಒಂದು ಎಚ್ಚರಿಕೆ. ಝಡ್ ಸೂತ್ರವನ್ನು ಬಳಸುವ ಮೊದಲು ಮಾದರಿಯ ಗಾತ್ರವನ್ನು ಹೇಳಲಾದ ಅನುಪಾತದಿಂದ ಗುಣಿಸಿ ನೋಡಬೇಕು; ಗುಣಲಬ್ಧ ಕನಿಷ್ಠ 5 ಇರಬೇಕೆಂಬುದು ರೂಢಿಯ ನಿಯಮ. 50 × 0.04 ಎಂದರೆ 2 ಮಾತ್ರ. ಆದ್ದರಿಂದಲೇ ಮೊದಲ ಲೆಕ್ಕಕ್ಕೆ ದ್ವಿಪದ ವಿತರಣೆಯನ್ನು ಆಶ್ರಯಿಸಬೇಕಾಯಿತು. 200 × 0.04 ಎಂದರೆ 8, ಅಲ್ಲಿ ಅಡ್ಡಿಯಿಲ್ಲ.

3. ಸರಾಸರಿಯ ಪರೀಕ್ಷೆ: ಡಬ್ಬದ ತೂಕ

ಮುಚ್ಚಳ ಕೊಂಡವರು ಇಲ್ಲಿಯವರೆಗೆ ನ್ಯಾಯಾಧೀಶರಾಗಿದ್ದರು. ಈಗ ಅವರೇ ಕಟಕಟೆಯಲ್ಲಿ. ಅವರ ಡಬ್ಬದ ಮೇಲೆ "ನಿವ್ವಳ ತೂಕ 1 ಕಿ.ಗ್ರಾಂ." ಎಂದು ಮುದ್ರಿತವಾಗಿದೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳು) ನಿಯಮಗಳು ಸರಾಸರಿಯನ್ನೂ ನೋಡುತ್ತವೆ, ಬಿಡಿ ಡಬ್ಬದ ಕೊರತೆಯನ್ನೂ ನೋಡುತ್ತವೆ. 500 ಗ್ರಾಂ ಮೀರಿದ, 1,000 ಗ್ರಾಂವರೆಗಿನ ಪೊಟ್ಟಣಕ್ಕೆ ಅನುಮತಿಸಿದ ಗರಿಷ್ಠ ವ್ಯತ್ಯಾಸ 15 ಗ್ರಾಂ. ಅಧಿಕಾರಿಗಳ ತಪಾಸಣೆಗೆ ನಿಯಮಗಳಲ್ಲಿಯೇ ಪ್ರತ್ಯೇಕ ವಿಧಾನವಿದೆ. ಕೆಳಗಿನದು ಕಾರ್ಖಾನೆಯೊಳಗಿನ ಸ್ವಯಂ ಪರಿಶೀಲನೆಗೆ ಮಾತ್ರ.

25 ಡಬ್ಬಗಳ ನಿವ್ವಳ ತೂಕ ನೋಡಿದಾಗ ಸರಾಸರಿ 996.8 ಗ್ರಾಂ, ಮಾನಕ ವಿಚಲನೆ 8 ಗ್ರಾಂ ಬಂತೆನ್ನೋಣ. ಶೂನ್ಯ ಪ್ರಾಕಲ್ಪನೆ: ಯಂತ್ರದ ಸರಾಸರಿ 1,000 ಗ್ರಾಂ. ಪರ್ಯಾಯ: 1,000ಕ್ಕಿಂತ ಕಡಿಮೆ.

ಮಾನಕ ದೋಷ = 8 ÷ √25 = 1.6 ಗ್ರಾಂ
ಟಿ ಮೌಲ್ಯ = (996.8 − 1,000) ÷ 1.6 = −2.0

ಸ್ವಾತಂತ್ರ್ಯ ಪ್ರಮಾಣ 25 − 1 = 24. ಒಂದೇ ದಿಕ್ಕಿನ ಪರೀಕ್ಷೆಗೆ ಶೇ. 5ರಲ್ಲಿ ಕೋಷ್ಟಕದ ಮೌಲ್ಯ −1.711. ಬಂದದ್ದು ಅದಕ್ಕೂ ಕೆಳಗಿದೆ. ಯಂತ್ರ ಕಡಿಮೆ ತುಂಬುತ್ತಿದೆಯೆಂದು ತೀರ್ಮಾನ. ಆದರೆ ಇದೇ ಅಂಕಿಗಳಿಗೆ ಎರಡು ದಿಕ್ಕಿನ ಪರೀಕ್ಷೆ ಹೂಡಿದರೆ ನಿರ್ಣಾಯಕ ಮೌಲ್ಯ 2.064, ಒಂದೇ ದಿಕ್ಕಿನಲ್ಲಿ ಶೇ. 1ರ ಮಟ್ಟವನ್ನು ಹಿಡಿದರೆ 2.492. ಎರಡರಲ್ಲಿಯೂ ಯಂತ್ರ ಪಾರಾಗುತ್ತದೆ! ಅಂಕಿ ಕೈಗೆ ಬಂದ ಮೇಲೆ ಅಳತೆಗೋಲನ್ನು ಆರಿಸುವವರು ತಮಗೆ ಬೇಕಾದ ಉತ್ತರವನ್ನು ಯಾವಾಗಲೂ ಪಡೆಯಬಲ್ಲರು. ಲೆಕ್ಕಪುಸ್ತಕದಲ್ಲಿ ಮುಕ್ತಾಯ ಶಿಲ್ಕನ್ನು ಮೊದಲು ಬರೆದು ಆಮೇಲೆ ನಮೂದುಗಳನ್ನು ಹೊಂದಿಸಿದಂತೆಯೇ ಇದು.

ಪರಿಹಾರವೇನು? ಸರಾಸರಿಯನ್ನು 1,004 ಗ್ರಾಂಗೆ ಏರಿಸುವುದು ಸುಲಭದ ದಾರಿ. ದಿನಕ್ಕೆ 2,000 ಡಬ್ಬವಾದರೆ 8 ಕಿಲೋ ಹೆಚ್ಚುವರಿ. ವರ್ಷದ 300 ಕೆಲಸದ ದಿನಗಳಿಗೆ 2,400 ಕಿಲೋ. ಕಿಲೋಗೆ 60 ರೂಪಾಯಿಯಂತೆ 1,44,000 ರೂಪಾಯಿ ಪುಕ್ಕಟೆಯಾಗಿ ಹೊರಹೋಗುತ್ತದೆ. ಇನ್ನೊಂದು ದಾರಿ ಏರಿಳಿತವನ್ನೇ ತಗ್ಗಿಸುವುದು. ತೂಕಗಳು ಸಾಮಾನ್ಯ ವಿತರಣೆಯಂತೆ ಹರಡಿದ್ದರೆ, ಸರಾಸರಿ ಸರಿಯಾಗಿ 1,000 ಇದ್ದರೂ 8 ಗ್ರಾಂ ವಿಚಲನೆಯಲ್ಲಿ ನೂರಕ್ಕೆ ಸುಮಾರು 3 ಡಬ್ಬ 985 ಗ್ರಾಂಗಿಂತ ಕೆಳಗಿಳಿಯುತ್ತವೆ. ವಿಚಲನೆ 5 ಗ್ರಾಂಗೆ ಇಳಿದರೆ ಸಾವಿರಕ್ಕೆ ಒಂದೆರಡು ಮಾತ್ರ. ಯಂತ್ರದ ದುರಸ್ತಿಯ ಖರ್ಚನ್ನು ಆ 1,44,000 ರೂಪಾಯಿಯ ಪಕ್ಕದಲ್ಲಿಟ್ಟು ನೋಡುವುದು ಉದ್ಯಮಿಯ ಕೆಲಸ.

4. ಎರಡು ಬಗೆಯ ತಪ್ಪುಗಳು

ಒಳ್ಳೆಯ ಲಾಟನ್ನು ತಿರಸ್ಕರಿಸುವುದು ಮೊದಲ ಬಗೆಯ ತಪ್ಪು. ಕೆಟ್ಟ ಲಾಟನ್ನು ಒಪ್ಪುವುದು ಎರಡನೆಯ ಬಗೆಯದು. ಶೇ. 5ರ ಮಟ್ಟ ಮೊದಲನೆಯದಕ್ಕೆ ಮಾತ್ರ ಕಡಿವಾಣ ಹಾಕುತ್ತದೆ. 50 ಮುಚ್ಚಳಗಳ ಮಾದರಿಯಲ್ಲಿ ಆ ಮಟ್ಟವನ್ನು ಪಾಲಿಸಬೇಕಾದರೆ 5 ಅಥವಾ ಹೆಚ್ಚು ದೋಷ ಕಂಡಾಗಲೇ ಲಾಟನ್ನು ತಿರಸ್ಕರಿಸಬೇಕು. ಹಾಗೆ ಮಾಡಿದಲ್ಲಿ, ದೋಷ ನಿಜಕ್ಕೂ ಎರಡು ಪಟ್ಟು, ಅಂದರೆ ಶೇ. 8 ಇರುವ ಲಾಟು ಸಿಕ್ಕಿಬೀಳುವುದು ನೂರರಲ್ಲಿ ಸುಮಾರು 37 ಸಲ ಮಾತ್ರ. 200ರ ಮಾದರಿಯಲ್ಲಿ ಇದು ಸುಮಾರು 80ಕ್ಕೆ ಏರುತ್ತದೆ. ಆದ್ದರಿಂದ "ತಿರಸ್ಕರಿಸಲು ಸಾಕ್ಷ್ಯ ಸಾಲದು" ಎಂಬುದು "ಮಾಲು ಚೆನ್ನಾಗಿದೆ" ಎಂಬುದಕ್ಕೆ ಸಮವಲ್ಲ. ಮಾದರಿ ಚಿಕ್ಕದಾದಷ್ಟೂ ಈ ಅಂತರ ದೊಡ್ಡದು.

ಮಾದರಿ ತೆಗೆಯುವ ಕೈಯೂ ಶುದ್ಧವಾಗಿರಬೇಕು. ಮೇಲಿನ ಪೆಟ್ಟಿಗೆಯ ಮೇಲಿನ ಪದರದಿಂದ ತೆಗೆದ 200 ನಗಗಳು ಲಾಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಪೆಟ್ಟಿಗೆಗಳಿಗೆ ಅಂಕಿ ಹಾಕಿ, ಚೀಟಿ ಎತ್ತಿ, ಮೇಲೆ, ನಡುವೆ, ತಳದಲ್ಲಿ ಎಲ್ಲ ಕಡೆಯಿಂದಲೂ ತೆಗೆಯಬೇಕು.

5. ಈ ವಿದ್ಯೆ ಕಾರ್ಖಾನೆಗೆ ಪರಕೀಯವಲ್ಲ

ಟಿ-ಪರೀಕ್ಷೆ ಹುಟ್ಟಿದ್ದು ಪಂಡಿತರ ಕೋಣೆಯಲ್ಲಲ್ಲ. ಡಬ್ಲಿನ್‌ನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯ ನೌಕರ ವಿಲಿಯಂ ಗಾಸೆಟ್ ಕೆಲವೇ ಮಾದರಿಗಳಿಂದ ನಿರ್ಣಯಕ್ಕೆ ಬರಬೇಕಾದ ತೊಡಕನ್ನು ಬಿಡಿಸುತ್ತ, 1908ರಲ್ಲಿ "ಸ್ಟೂಡೆಂಟ್" ಎಂಬ ಗುಪ್ತನಾಮದಲ್ಲಿ ಅದನ್ನು ಪ್ರಕಟಿಸಿದರು. ನಮ್ಮ ದೇಶದಲ್ಲಿ ಪಿ.ಸಿ. ಮಹಾಲನೋಬಿಸ್ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದರು; ಅದರ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ಆ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು, 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ಸಿ.ಆರ್. ರಾವ್ 1920ರಲ್ಲಿ ಜನಿಸಿದ್ದು ನಮ್ಮ ಹೂವಿನಹಡಗಲಿಯಲ್ಲಿ.

6. ಅಭ್ಯಾಸಕ್ಕೆ ಎರಡು ಲೆಕ್ಕಗಳು

(1) ಪ್ರೆಸ್ಸಿನ ಪಂಚ್ ಒಂದು ಸರಾಸರಿ 12,000 ಹೊಡೆತ ಬಾಳುತ್ತಿತ್ತು. ಹೊಸ ಹದ ಕೊಡಿಸಿದ 16 ಪಂಚ್‌ಗಳ ಸರಾಸರಿ 12,600. ಮಾನಕ ವಿಚಲನೆ 1,200. ಬಾಳಿಕೆ ಹೆಚ್ಚಿದೆಯೆಂದು ಶೇ. 5ರ ಮಟ್ಟದಲ್ಲಿ ಹೇಳಬಹುದೇ?

(2) ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಕೊಂಡ ಸರಕಿನ ಹಣ ಪಾವತಿಗೆ 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆ 45 ದಿನಗಳ ಮೇಲ್ಮಿತಿ ಇಟ್ಟಿದೆ. ತಮ್ಮ ಬಿಲ್ಲುಗಳಲ್ಲಿ ಶೇ. 80 ಈ ಅವಧಿಯೊಳಗೆ ಪಾವತಿಯಾಗುತ್ತವೆಂದು ಕೊಂಡವರ ಹೇಳಿಕೆ. ಯಾದೃಚ್ಛಿಕವಾಗಿ ತೆಗೆದ 150 ಬಿಲ್ಲುಗಳಲ್ಲಿ 111 ಮಾತ್ರ ಹಾಗಿದ್ದವು. ಹೇಳಿಕೆ ನಿಲ್ಲುತ್ತದೆಯೇ?

ಉತ್ತರ: (1) ಮಾನಕ ದೋಷ 300; ಟಿ = 2.0, ಸ್ವಾತಂತ್ರ್ಯ ಪ್ರಮಾಣ 15ಕ್ಕೆ ಕೋಷ್ಟಕದಲ್ಲಿ 1.753. ಬಾಳಿಕೆ ಹೆಚ್ಚಿದೆಯೆನ್ನಬಹುದು. ಆದರೆ 600 ಹೊಡೆತಗಳ ಲಾಭ ಹದದ ಖರ್ಚನ್ನು ತುಂಬುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಪರೀಕ್ಷೆ ಉತ್ತರಿಸದು. (2) ಮಾದರಿ ಅನುಪಾತ 0.74; ಮಾನಕ ದೋಷ 0.0327; ಝಡ್ = −1.84. ಇದು −1.645ಕ್ಕಿಂತ ಕೆಳಗಿದೆ, ಹೇಳಿಕೆ ನಿಲ್ಲುವುದಿಲ್ಲ.

ತನ್ನ ಡಬ್ಬವನ್ನು ಅಳೆಯುವಾಗ ಆಕಸ್ಮಿಕಕ್ಕೆ ಎಷ್ಟು ಅವಕಾಶ ಬೇಕೆಂದು ಒಬ್ಬ ಉದ್ಯಮಿ ಬಯಸುತ್ತಾನೋ, ಮುಚ್ಚಳ ಕೊಟ್ಟವನಿಗೂ ಅಷ್ಟೇ ಅವಕಾಶ ಸಲ್ಲಬೇಕು. ಮಾದರಿಯ ಗಾತ್ರ, ಸಾರ್ಥಕತಾ ಮಟ್ಟ, ತಿರಸ್ಕಾರದ ಮಿತಿ ಈ ಮೂರನ್ನೂ ಖರೀದಿ ಆದೇಶದಲ್ಲಿಯೇ ಬರೆದು ಇಬ್ಬರೂ ಸಹಿ ಹಾಕಿದರೆ, ಗೋದಾಮಿನ ಬಾಗಿಲಲ್ಲಿ ನಡೆಯುವ ಎಷ್ಟೋ ಜಗಳಗಳು ಹುಟ್ಟುವ ಮೊದಲೇ ತೀರುತ್ತವೆ.