ಚಿತ್ರ ಚೆಂದವಿದ್ದರೆ ಸಾಲದು

ಮಗು, ವೈಜ್ಞಾನಿಕ ದತ್ತಾಂಶವನ್ನು ಚಿತ್ರವಾಗಿ ತೋರಿಸುವ ಲೈಬ್ರರಿಯ ಫೀಲ್ಡ್ (ಸಾಂದ್ರತೆ, ಉಷ್ಣತೆಯಂಥ ರಾಶಿ) ಕೋಡನ್ನು ರಿಫ್ಯಾಕ್ಟರ್ ಮಾಡುವ ಕೆಲಸ ನಿನ್ನ ಪಾಲಿಗೆ ಬಂದಿದೆಯಂತೆ. ಸಂತೋಷ. ಕೈ ಹಾಕುವ ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೋ: ಇಲ್ಲಿ ಆಗುವ ತಪ್ಪು ಸದ್ದು ಮಾಡುವುದಿಲ್ಲ. ಅನಿಲದ ಸಾಂದ್ರತೆ ಕೇಳಿದವರಿಗೆ ಕಣಗಳ ಸಾಂದ್ರತೆ ಕೊಟ್ಟರೂ ಪ್ರೋಗ್ರಾಂ ನಿಲ್ಲದು. ಬಣ್ಣಬಣ್ಣದ ಚಿತ್ರ ಬಂದೇ ಬರುತ್ತದೆ. ಅದನ್ನು ನಂಬಿ ಯಾರೋ ಪ್ರಬಂಧ ಬರೆದುಬಿಡುತ್ತಾರೆ.

ಖಗೋಳ ಭೌತಶಾಸ್ತ್ರಜ್ಞರು ಬಳಸುವ 'ವೈಟಿ' ಎಂಬ ಪೈಥಾನ್ ಲೈಬ್ರರಿ ನಡೆದುಬಂದ ದಾರಿ ನೋಡು. ಮೊದಲು ಅಲ್ಲಿ ಫೀಲ್ಡಿಗೆ 'ಡೆನ್ಸಿಟಿ' ಎಂಬಂಥ ಒಂಟಿ ಹೆಸರಿತ್ತು. 2014ರ 3.0 ಆವೃತ್ತಿಯಲ್ಲಿ ಬಗೆ, ಹೆಸರು ಎರಡೂ ಸೇರಿದ ಜೋಡಿ ಬಂತು. 'ಎಂಜೊ, ಡೆನ್ಸಿಟಿ' ಎಂದರೆ ಎಂಜೊ ಎಂಬ ಸಿಮ್ಯುಲೇಶನ್ ಕೋಡ್ ತನ್ನ ಫೈಲಿನಲ್ಲಿ ತನ್ನದೇ ಏಕಮಾನದಲ್ಲಿ ಬರೆದಿಟ್ಟದ್ದು. 'ಗ್ಯಾಸ್, ಡೆನ್ಸಿಟಿ' ಎಂದರೆ ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ. ಏಕಮಾನವೂ ಸಂಖ್ಯೆಯ ಜೊತೆಗೇ ಸಾಗತೊಡಗಿತು. ಆದರೂ ಒಂಟಿ ಹೆಸರಿನಲ್ಲಿ ಕೇಳುವವರಿಗೆ ಬಾಗಿಲು ಮುಚ್ಚಲಿಲ್ಲ. ಒಂದೇ ಹೆಸರು ಎರಡು ಫೀಲ್ಡುಗಳಿಗೆ ಹೊಂದಿದರೆ ಎಚ್ಚರಿಸುವ ಏರ್ಪಾಡು 2021ರ 4.0ರಲ್ಲಿ ಬಂತು. ಆ ತಾಳ್ಮೆ ನಿನಗೂ ಇರಲಿ. ನೀನು ಹಳತೆಂದು ಕಿತ್ತೆಸೆಯುವ ಹೆಸರಿನ ಮೇಲೆ ಯಾರದೋ ಪಿಎಚ್‌ಡಿಯ ಸ್ಕ್ರಿಪ್ಟ್ ನಿಂತಿರುತ್ತದೆ.

ಫೀಲ್ಡಿನ ಬೆಲೆ ಜಾಲರಿಯಲ್ಲಿ ಎಲ್ಲಿ ಕೂತಿದೆ ಎಂಬುದನ್ನೂ ಮರೆಯಬೇಡ. 'ವಿಟಿಕೆ' ಎಂಬ ಚಿತ್ರಣ ಲೈಬ್ರರಿಯಲ್ಲಿ ಬಿಂದುಗಳ ದತ್ತಾಂಶ ಬೇರೆ, ಕೋಶಗಳದು ಬೇರೆ. ಎರಡು ಕಡೆಯೂ 'ಟೆಂಪರೇಚರ್' ಎಂಬ ಹೆಸರೇ ಇರಬಹುದು. ಕೋಶದ ಬೆಲೆಯನ್ನು ಬಿಂದುವಿಗೆ ತಂದಾಗ ಸುತ್ತಲಿನ ಕೋಶಗಳ ಸರಾಸರಿ ಸಿಗುತ್ತದೆ. ಒಂದೇ ಕೋಶದಲ್ಲಿದ್ದ ಅತಿ ಹೆಚ್ಚಿನ ಉಷ್ಣತೆ ತಗ್ಗಿಬಿಡುತ್ತದೆ. ಕೋಡ್ ಚೊಕ್ಕವಾಗಲೆಂದು ಎರಡನ್ನೂ ಒಂದೇ ಪಟ್ಟಿಗೆ ಸುರಿಯಬೇಡ.

ಇನ್ನು ಕೆಲಸದ ಕ್ರಮ. ಮೊದಲು ಹಳೆಯ ಕೋಡ್ ಕೊಡುವ ಉತ್ತರಗಳನ್ನು ಉಳಿಸಿಟ್ಟುಕೋ. ಪ್ರತಿ ಕೋಶದ ಸಾಂದ್ರತೆಯನ್ನು ಅದರ ಗಾತ್ರದಿಂದ ಗುಣಿಸಿ ಕೂಡು. ಬರುವ ಒಟ್ಟು ದ್ರವ್ಯರಾಶಿ ನೀನು ಕೋಡ್ ತಿದ್ದಿದ ಮೇಲೂ ಅಷ್ಟೇ ಇರಬೇಕು. ಹೆಸರು ಬದಲಿಸುವುದು, ಲೆಕ್ಕ ಬದಲಿಸುವುದು ಒಂದೇ ಕಮಿಟ್‌ನಲ್ಲಿ ಬೇಡ. ಹಳೆಯ ಹೆಸರನ್ನು ತೆಗೆಯಲೇಬೇಕಾದರೆ ಕೆಲವು ಆವೃತ್ತಿಗಳ ತನಕ ಎಚ್ಚರಿಕೆ ಕೊಡುತ್ತ ಅದನ್ನು ಉಳಿಸು. ಹೊಸ ಹೆಸರು ಏನೆಂದು ಆ ಎಚ್ಚರಿಕೆಯಲ್ಲೇ ಬರೆ.

ಎಷ್ಟು ಸಾಲು ಕಡಿಮೆಯಾಯಿತು ಎಂದು ಎಣಿಸಬೇಡ ಮಗು. ಉತ್ತರ ಕದಲಲಿಲ್ಲ ಎಂದು ತೋರಿಸುವ ಟೆಸ್ಟ್ ಕೈಯಲ್ಲಿಲ್ಲದೆ ಫೀಲ್ಡಿನ ಒಂದು ಸಾಲನ್ನೂ ಮುಟ್ಟಬೇಡ.