ಹಳೇ ಮಿಷನ್ನಿಗೆ ಕ್ಲಚ್ ಹುಡುಕೋ ಮುಂಚೆ

ನೋಡು ತಮ್ಮ, ದೊಡ್ಡಪ್ಪನ ಕಾಲದ ಮರ ಕೊಯ್ಯೋ ಮಿಷನ್ನಿಗೆ ಕ್ಲಚ್ ಸಾಮಾನು ಸಿಗಲ್ಲ, ಗುಜರಿಗೆ ಹಾಕ್ತೀನಿ ಅಂದೆಯಂತೆ. ಸ್ವಲ್ಪ ತಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೇಲಿ ಹೊಗೆಸೊಪ್ಪು ಬೆಳೆಯೋ ಮನೆಗೆ ಸೊಪ್ಪು ಒಣಗಿಸೋ ಬ್ಯಾರನ್ ಎಷ್ಟು ಮುಖ್ಯವೋ ಅದಕ್ಕೆ ಸೌದೆ ಕೊಯ್ಯೋ ಮಿಷನ್ನೂ ಅಷ್ಟೇ ಮುಖ್ಯ. ಸಾಮಾನು ಸಿಗುತ್ತೆ. ಏನು ಕೇಳಬೇಕು ಅನ್ನೋದು ಮಾತ್ರ ನಿನಗೆ ಗೊತ್ತಿರಬೇಕು.

ಮೊದಲು ಕ್ಲಚ್ಚೇ ಹೋಗಿದೆಯಾ ನೋಡು. ರೇಸ್ ಕೊಡದೇ ಇದ್ದಾಗಲೂ ಚೈನ್ ತಿರುಗ್ತಿದ್ರೆ ಐಡಲ್ ಸ್ಕ್ರೂ ಇಳಿಸು. ಇಂಜಿನ್ ನಿಮಿಷಕ್ಕೆ 2,800 ಸುತ್ತಿನ ಆಸುಪಾಸಿಗೆ ಇಳಿದರೂ ಚೈನ್ ನಿಲ್ಲಲಿಲ್ಲ ಅಂದ್ರೆ, ಶೂಗಳನ್ನ ಒಳಕ್ಕೆ ಎಳೆದು ಹಿಡಿಯೋ ಸ್ಪ್ರಿಂಗ್ ಸೋತಿದೆ. ಇಲ್ಲವೇ ಡ್ರಮ್ಮಿನ ಒಳಗಿನ ನೀಡಲ್ ಬೇರಿಂಗ್ ಗ್ರೀಸ್ ಇಲ್ಲದೆ ಕಚ್ಚಿಕೊಂಡಿದೆ. ಬೇರಿಂಗ್ ಕಚ್ಚಿದ್ದಕ್ಕೆ ಇಡೀ ಕ್ಲಚ್ ಕೊಂಡವರು ಬೇಕಾದಷ್ಟು ಜನ ಇದ್ದಾರೆ. ಇನ್ನು ಇಂಜಿನ್ ಕಿರುಚ್ತಾ ಇದ್ದು, ದಿಮ್ಮಿಗೆ ಇಟ್ಟ ಕೂಡಲೇ ಚೈನ್ ನಿಂತು, ಸುಟ್ಟ ವಾಸನೆ ಬಂದ್ರೆ ಶೂ ಸವೆದಿದೆ, ಇಲ್ಲ ಚೈನ್ ಬ್ರೇಕ್ ಪೂರ್ತಿ ಬಿಡ್ತಾ ಇಲ್ಲ. ಮೊಂಡು ಚೈನಲ್ಲಿ ಹುಣಸೆ ದಿಮ್ಮಿ ಒತ್ತಿ ಕೊಯ್ದರೆ ಮಿಷನ್ ಬಂದು ನಿಲ್ಲೋದು ಇಲ್ಲಿಗೇ.

ಬಿಚ್ಚೋವಾಗ ಹುಷಾರು, ಕ್ಲಚ್ಚಿನದು ಉಲ್ಟಾ ತ್ರೆಡ್ಡು. ಗಡಿಯಾರದ ಮುಳ್ಳು ಹೋಗೋ ಕಡೆಗೆ ತಿರುಗಿಸಿದ್ರೆ ಸಡಿಲ ಆಗುತ್ತೆ. ಪ್ಲಗ್ ತೆಗಿ. ಪಿಸ್ಟನ್ ಮೇಲಕ್ಕೆ ಬರ್ತಾ ಸೈಲೆನ್ಸರ್ ಕಿಂಡಿ ದಾಟಿದ ಮೇಲೆ ಸ್ಟಾರ್ಟರ್ ಹಗ್ಗದ ತುಂಡನ್ನ ಪ್ಲಗ್ ತೂತಿಗೆ ತುರುಕು, ತುದಿ ಹೊರಗೇ ಇರಲಿ. ಪಿಸ್ಟನ್ ಅದಕ್ಕೆ ಆತು ನಿಲ್ಲುತ್ತೆ, ಇಂಜಿನ್ ತಿರುಗಲ್ಲ. ಉಳಿ ಇಟ್ಟು ಸುತ್ತಿಗೇಲಿ ಹೊಡೆಯೋರ ಕೈಗೆ ಮಾತ್ರ ಕೊಡಬೇಡ, ಹಿಂದಿರೋ ಆಯಿಲ್ ಪಂಪೂ ಹೋಗುತ್ತೆ. ಹಾಗೇ ಸ್ಪ್ರಾಕೆಟ್ಟಿನ ಹಲ್ಲು ನೋಡು. ಚೈನ್ ಅರ್ಧ ಮಿಲಿಮೀಟರ್ ಆಳ ಕೊರೆದಿದ್ರೆ ಅದನ್ನೂ ಬದಲಾಯಿಸು. ಡ್ರಮ್ ನೀಲಿ ತಿರುಗಿದ್ರೆ ಕಾದು ಕೆಟ್ಟಿದೆ ಅಂತಲೇ ಲೆಕ್ಕ.

ಈಗ ಅಂಗಡಿ ಮಾತು. ಮೇಲಿನ ಸ್ಟಿಕ್ಕರ್ ನಂಬಿ ಹೊರಡಬೇಡ, ಹಳೇ ಮಿಷನ್ನಿಗೆ ಯಾವ್ಯಾವುದರದೋ ಕವರ್ ಬಂದು ಕೂತಿರುತ್ತೆ. ಸ್ಟಿಲ್ ಕಂಪನಿಯದಾದ್ರೆ ಎರಕದ ಮೇಲಿರೋ ಬಿಡಿಭಾಗದ ನಂಬರಲ್ಲಿ ಮೊದಲ ನಾಲ್ಕು ಅಂಕಿ ಓದು. 1119 ಅಂದ್ರೆ 038ರ ಮನೆತನ, ಎಂಎಸ್ 380, 381 ಕೂಡ ಅದಕ್ಕೇ ಸೇರಿದ್ದು. 1130 ಅಂದ್ರೆ 017, 018, ಎಂಎಸ್ 170, 180. ಹಾಗಾಗಿ 038 ಇಟ್ಟುಕೊಂಡೋನು 381ರ ಸಾಮಾನನ್ನೂ ಕೇಳಿ ನೋಡಬಹುದು. ಆದ್ರೂ ಹಳೇದನ್ನ ಪಕ್ಕದಲ್ಲಿಟ್ಟು ಅಳೆದೇ ತಗೋ, .325 ಸ್ಪ್ರಾಕೆಟ್ಟಿಗೆ 3/8 ಚೈನ್ ಕೂರಲ್ಲ. 52, 58 ಸಿಸಿ ಚೀನಾ ಮಿಷನ್ನಿಗೆ ಹೆಸರು ಹೇಳಿ ಉಪಯೋಗವೇ ಇಲ್ಲ, ಬಣ್ಣ ಬೇರೆ ಬೇರೆ, ಒಳಗೆ ಬಹುಪಾಲು ಒಂದೇ. ಹಳೇ ಕ್ಲಚ್ ಚೀಲದಲ್ಲಿ ಹಾಕ್ಕೊಂಡೇ ಹೋಗು.

ಪಿರಿಯಾಪಟ್ಟಣದ ಕಡೆಯೋರಿಗೆ ಮೈಸೂರಿಗಿಂತ ಕುಶಾಲನಗರ ಹತ್ತಿರ. ಕಾಫಿ ತೋಟದಲ್ಲಿ ವರ್ಷಾವರ್ಷ ನೆರಳು ಮರದ ಕೊಂಬೆ ಕಡಿದು ಮರಗಸಿ ಮಾಡೋದ್ರಿಂದ ಕೊಡಗಿನ ಮೆಕ್ಯಾನಿಕ್ಕುಗಳಿಗೆ ಹಳೇ ಮಾಡೆಲ್ಲಿನ ಪರಿಚಯ ಜಾಸ್ತಿ. ಕೋಟೆ, ಕೆ.ಆರ್. ನಗರದೋರಿಗೆ ಮೈಸೂರೇ ಸಲೀಸು.

ಡ್ರಮ್ಮು ಲೋಕಲ್ ಆದ್ರೂ, ಇನ್ಯಾರದೋ ಕೆಟ್ಟ ಮಿಷನ್ನಿನದಾದ್ರೂ, ಅಳತೆ ಸರಿಯಿದ್ರೆ ನಾನು ಬೇಡ ಅನ್ನಲ್ಲ. ಸ್ಪ್ರಿಂಗ್ ಮಾತ್ರ ಒರಿಜಿನಲ್ಲೇ ಹಾಕು, ಇರೋ ಅಷ್ಟನ್ನೂ ಒಟ್ಟಿಗೆ ಬದಲಾಯಿಸು. ಒಂದು ಹೊಸದು, ಒಂದು ಹಳೇದು ಆದ್ರೆ ಶೂ ಒಂದೇ ಸಮ ಹಿಡಿಯಲ್ಲ.

ಇದೆಲ್ಲ ಮುಂಗಾರಿಗೆ ಮುಂಚೆ ಮುಗೀಲಿ. ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ಐದಾರು ದಿನ ಹಗಲು ರಾತ್ರಿ ಉರಿ ನಿಲ್ಲಬಾರದು, ಆಗ ಪಾರ್ಸೆಲ್ ಕಾಯ್ತಾ ಕೂರೋಕೆ ಆಗಲ್ಲ. ಜೋಡಿಸಿ ಸ್ಟಾರ್ಟ್ ಮಾಡಿದಾಗ ಐಡಲ್‌ನಲ್ಲಿ ಚೈನ್ ನಿಂತ್ರೆ ಕೆಲಸಕ್ಕೆ ತಗೋ. ನಿಲ್ಲಲಿಲ್ಲ ಅಂದ್ರೆ ಆ ಮಿಷನ್ನನ್ನ ಮರದ ಹತ್ತಿರ ತರಲೇಬೇಡ.